ಮೀನಿನ ಟಾಕಿ ಕೆಳಗಿನ ಸಂಪು

ನಮ್ಮ ಮನೀಗೆ ಬಂದವರು ಈಗೀಗ ಒಂದು ಪ್ರಶ್ನೆ ಕೇಳೇ ಕೇಳ್ತಾರ. "ಏನವಾ, ಮೀನಿನ ಟಾಕಿ ಕೆಳಗ ಕಪಾಟಿನ್ಯಾಗ ಏನ ಇಟ್ಟಿ? ಝುಳುಝುಳು ಸಪ್ಪಳ ಬರ್ತದಲ್ಲ" ಅಂತ. "ಸಂಪು ಅದ ಕಾಕು" ಅಂದ್ರ ಅಂಗಳದ ಕಡೆ ನೋಡ್ತಾರ. ತಪ್ಪೇನಿಲ್ಲ. ಸಂಪು ಅಂದ್ರ ನಮಗೆಲ್ಲ ಗೊತ್ತಿದ್ದದ್ದು ಅಂಗಳದಾಗ ನೆಲದೊಳಗ ಇರೋ ನೀರಿನ ಟಾಕಿ, ನಳ ಬಂದಾಗ ತುಂಬಿಸಿ ಇಡೂದು. ಮೀನ ಸಾಕವರ ಮಾತಿನ್ಯಾಗ ಸಂಪು ಅಂದ್ರ ಬ್ಯಾರೆ. ದೊಡ್ಡ ಟಾಕಿ ಕೆಳಗ ಇಡೋ ಇನ್ನೊಂದು ಸಣ್ಣ ಗಾಜಿನ ಟಾಕಿ ಅದು. ಮ್ಯಾಲಿನ ಹೊಲಸ ನೀರು ಅದರೊಳಗ ಇಳೀತದ, ಸೋಸಿ ಸ್ವಚ್ಛ ಆಗಿ, ಪಂಪಿನಿಂದ ಮತ್ತ ಮ್ಯಾಲೆ ಹೋಗ್ತದ. ಹ್ಯಾಂಗ ಮಾಡಿದಿ, ಎಷ್ಟ ಖರ್ಚ ಆತು ಅಂತ ನಾಲ್ಕೈದು ಮಂದಿ ಕೇಳ್ಯಾರ. ಅದಕ್ಕ ಎಲ್ಲಾ ಒಂದೇ ಕಡೆ ಬರದ ಇಡ್ತೀನಿ.

ಮೊದಲ ಈ ಟಾಕಿ ನಮ್ಮ ಮನೀಗೆ ಹ್ಯಾಂಗ ಬಂತು ಅಂತ ಹೇಳಬೇಕು. ನಮ್ಮ ಮೈದುನಗ ಪುಣೆಕ್ಕ ವರ್ಗ ಆದಾಗ ಅವನ ನಾಕ ಫೂಟಿನ ಟಾಕಿ, ಆರು ಗೋಲ್ಡ್‌ಫಿಶ್ ಸಮೇತ, ನಮ್ಮ ಪಡಸಾಲಿಗೆ ಬಂತು. ಅದೇ ವರ್ಷ ಮಾವನವರು ಹೋಗಿದ್ರು. ಅತ್ತಿಯವರಿಗೆ ಟಿ.ವಿ. ಬ್ಯಾಡ, ಗುಡಿ ಬ್ಯಾಡ, ಯಾರರ ಬಂದ್ರ ಎರಡ ಮಾತ ಆಡಿ ಒಳಗ ಹೋಗಿ ಮಲಗೂದು. ಮೀನ ಬಂದ ಮ್ಯಾಲೆ ಮುಂಜಾನೆ ಎದ್ದು ಮುಖ ತೊಳಕೊಂಡು ಟಾಕಿ ಮುಂದ ಕುರ್ಚಿ ಹಾಕ್ಕೊಂಡು ಕೂಡ್ಲಿಕ್ಕೆ ಶುರು ಮಾಡಿದ್ರು. ಒಂದಕ್ಕ ಕೆಂಪಿ, ಒಂದಕ್ಕ ಬೆಳ್ಳಿ, ಹೊಟ್ಟಿ ದೊಡ್ಡದಿದ್ದದ್ದಕ್ಕ ಡುಮ್ಮಿ ಅಂತ ಹೆಸರ ಇಟ್ರು. ಮಾವನವರು ಹೋದ ಮ್ಯಾಲೆ ಅವರ ಬಾಯಿಂದ ಬಂದ ಮೊದಲನೇ ಚ್ಯಾಷ್ಟಿ ಮಾತು ಡುಮ್ಮಿ ಮ್ಯಾಲಿಂದ ಇತ್ತು.

ತ್ರಾಸ ಸುರು ಆದದ್ದು ಹೋದ ಬ್ಯಾಸಗ್ಯಾಗ. ನಮ್ಮ ಹುಬ್ಬಳ್ಳಿ-ಧಾರವಾಡಕ್ಕ ನೀರು ಸವದತ್ತಿ ಕಡೆ ಮಲಪ್ರಭಾ ಆಣೆಕಟ್ಟಿನಿಂದ ಬರ್ತದ. ಊರಾಗ ಕೆಲವು ವಾರ್ಡಿಗೆ 2008ರಿಂದನ 24 ತಾಸೂ ನಳ ಬರ್ತದ. ನಮ್ಮ ಓಣಿಗೆ ಆ ಭಾಗ್ಯ ಇಲ್ಲ. ಐದಾರ ದಿನಕ್ಕೊಮ್ಮೆ ಬಂದದ್ದನ್ನ ಅಂಗಳದ ಟಾಕಿ, ಡ್ರಮ್ಮು, ಕೊಡ, ತಂಬಗಿ ಎಲ್ಲಾದರಾಗೂ ತುಂಬಿ ಇಡಬೇಕು. ಹಂಥಾದರಾಗ ಮೀನಿನ ಟಾಕೀಗೆ ವಾರಕ್ಕ ಎರಡ ಸಲ ನೂರ ನೂರ ಲೀಟರ್ ನೀರು. ಹಿತ್ತಲದ ಡ್ರಮ್ಮಿನಿಂದ ಪಡಸಾಲಿ ತನಕ ಒಂದೊಂದ ಸಲಕ್ಕ ಎಂಟು ಬಕೀಟು ನಾನ ಹೊರತಿದ್ದೆ. ಸೊಂಟ ಹಿಡಕೊಂಡು ಮಲಗಿದ ದಿನಾನೂ ಅವ.

ಇಷ್ಟ ಮಾಡಿದ್ರೂ ಏಪ್ರಿಲ್‌ದಾಗ ಒಂದೇ ವಾರದಾಗ ಎರಡು ಮೀನ ಸತ್ತವು. ನೀರು ನೋಡ್ಲಿಕ್ಕೆ ಕನ್ನಡಿ ಹಂಗ ಇತ್ತು, ಆದ್ರ ಮೀನ ಮ್ಯಾಲ ಬಂದು ಬಾಯಿ ತಕ್ಕೊಂಡು ಉಸರಾಡತಿದ್ವು. ಎರಡನೇದು ಬೆಳ್ಳಿ. ಅತ್ತಿಯವರು ಅದನ್ನ ದಾಸವಾಳ ಗಿಡದ ಬುಡಕ್ಕ ಹುಗಿಸಿ ಬಂದು, ಅವತ್ತ ಮಧ್ಯಾಹ್ನ ಊಟಕ್ಕ ಏಳಲಿಲ್ಲ. ರಾತ್ರಿ ನಮ್ಮನಿಯವರು ಅಂದ್ರು: "ಮನಷಾರಿಗೇ ಕುಡೀಲಿಕ್ಕೆ ನೀರ ಸಾಲವಲ್ದು. ಟಾಕಿ ಸಹಿತ ಅಂಗಡಿಯವರಿಗೆ ಕೊಟ್ಟ ಬಿಡೂಣು. ನಿನ್ನ ಸೊಂಟಾನೂ ಉಳೀತದ." ಅವರ ಮಾತಿನ್ಯಾಗ ತಪ್ಪ ಇರಲಿಲ್ಲ. ಅತ್ತಿಯವರೂ "ಹಂಗ ಮಾಡ್ರಿ, ನನಗೇನು" ಅಂದ್ರು. ಆ "ನನಗೇನು" ಅನ್ನೂದು ಮಾವನವರ ಅಂಗಿ, ಧೋತರ ಕಟ್ಟಿ ಕೊಡೂ ಮುಂದ ಅಂದಂಗ ಇತ್ತು. ನಾನು ಒಂದ ತಿಂಗಳ ಕೊಡ್ರಿ ಅಂದೆ.

ಪ್ಯಾಟ್ಯಾಗಿನ ಒಂದು ಅಂಗಡಿಯವರು ದೊಡ್ಡ ಫಿಲ್ಟರ್ ಹಾಕಸ್ಲಿಕ್ಕೆ 18 ಸಾವಿರ ಅಂದ್ರು. ಅಷ್ಟ ಕೊಡೂ ಹಂಗ ಇರಲಿಲ್ಲ. ಅಲ್ಲಿಂದ ಬಂದ ಮ್ಯಾಲೆ ಮೀನ ಯಾಕ ಸಾಯ್ತಾವ ಅನ್ನೂದನ್ನ ಕೂತು ಓದಿದೆ. ತಿಳಕೊಂಡದ್ದು ಇಷ್ಟು. ಮೀನಿನ ಕಿವಿರಿನಿಂದ, ಹೇಲಿನಿಂದ, ಉಳದ ಕಾಳಿನಿಂದ ನೀರಾಗ ಅಮೋನಿಯಾ ಕೂಡ್ತದ. ಅದು ವಿಷ, ಕಣ್ಣಿಗೆ ಕಾಣಂಗಿಲ್ಲ. ಗೋಲ್ಡ್‌ಫಿಶ್‌ಗೆ ನಮ್ಮಂಗ ಜಠರ ಅನ್ನೂದ ಇಲ್ಲ. ತಿಂದದ್ದು ಬೇಗ ಹೊರಗ ಬರ್ತದ, ಅದಕ್ಕ ಬ್ಯಾರೆ ಮೀನಿಗಿಂತ ಹೊಲಸ ಜಾಸ್ತಿ. ನೀರು ಬಿಸಿ ಆದಷ್ಟೂ ಅಮೋನಿಯಾದ ವಿಷ ಏರ್ತದ, ನೀರಾಗ ಕರಗೋ ಆಮ್ಲಜನಕಾನೂ ಕಡಿಮಿ ಆಗ್ತದ. ಬ್ಯಾಸಗ್ಯಾಗನ ಯಾಕ ಸತ್ತವು ಅಂತ ಆಗ ಗೊತ್ತಾತು.

ಇದಕ್ಕ ಔಷಧ ಅಂದ್ರ ಬ್ಯಾಕ್ಟೀರಿಯಾ. ಹೆದರಬ್ಯಾಡ್ರಿ, ನಮ್ಮ ಮೊಸರಿನ ಹೆಪ್ಪು ಇದ್ದಂಗ ಅಂತ ತಿಳಕೋರಿ. ನೈಟ್ರೊಸೊಮೊನಾಸ್ ಅನ್ನೋ ಜಾತಿ ಅಮೋನಿಯಾ ತಿಂದು ನೈಟ್ರೈಟ್ ಮಾಡ್ತದ. ಅದೂ ವಿಷಾನ. ಅದನ್ನ ನೈಟ್ರೊಸ್ಪೈರಾ ಅನ್ನೋ ಇನ್ನೊಂದು ಜಾತಿ ತಿಂದು ನೈಟ್ರೇಟ್ ಮಾಡ್ತದ. ನೈಟ್ರೇಟ್ ಅಷ್ಟ ಕೆಟ್ಟದ್ದಲ್ಲ, ಗಿಡಕ್ಕಂತೂ ಗೊಬ್ಬರ. ಈ ಜೀವಗಳಿಗೆ ಬೇಕಾದದ್ದು ಎರಡ: ಅಂಟಕೊಂಡು ಕೂಡ್ಲಿಕ್ಕೆ ಜಾಗಾ, ಮತ್ತ ಗಾಳಿ ಕೂಡಿದ ಹರಿಯೋ ನೀರು. ಮೂಲ್ಯಾಗ ಕೂತ ಸಣ್ಣ ಸ್ಪಂಜಿನ ಫಿಲ್ಟರ್‌ದಾಗ ಆ ಜಾಗಾ ಸಾಲತಿದ್ದಿಲ್ಲ. ಸಂಪು ಅಂದ್ರ ಅವಕ್ಕ ಕಟ್ಟಿಕೊಟ್ಟ ಮನಿ, ಅಷ್ಟೇ.

ನಮ್ಮ ಟಾಕಿ 120 ಸೆಂಟಿಮೀಟರ್ ಉದ್ದ, 45 ಅಗಲ. ಒಂದ ಸೆಂಟಿಮೀಟರ್ ನೀರು ಏರಿದ್ರ ಇಳದ್ರ 5.4 ಲೀಟರ್ ಲೆಕ್ಕ. ಈ ಒಂದು ಅಂಕಿ ನೆನಪಿಟ್ಟುಕೊಳ್ರಿ, ಮುಂದ ಎಲ್ಲಾ ಇದರ ಮ್ಯಾಲೇ ನಿಂತದ. ಕೆಳಗಿನ ಕಪಾಟಿನ ಬಾಗಲದಾಗ ಹಾಯೂ ಹಂಗ ಸಂಪಿನ ಅಳತಿ 75 ಉದ್ದ, 30 ಅಗಲ, 38 ಎತ್ತರ ಇಟ್ಟೆ. ಗ್ಲಾಸಿನ ಅಂಗಡ್ಯಾಗ 6 ಮಿಲಿಮೀಟರ್ ಗಾಜ ಕೊಯ್ಸಿ, ಅಂಚು ತಿಕ್ಕಿಸಿ ತಂದೆ. ಅಂಗಡಿ ಅಣ್ಣ ಎರಡ ಸಲ ಕೇಳಿದ, "ಯಾರ ಜೋಡಸ್ತಾರ್ರೀ ಅಕ್ಕಾರ?" ಅಂತ. ನಾನ ಅಂದೆ. ಮೂರನೇ ಸಲ ಕೇಳಲಿಲ್ಲ, ಮ್ಯಾಲ ಒಂದು ತುಂಡು ಗಾಜು "ಅಂಟಸೂದು ಪ್ರಾಕ್ಟೀಸ್ ಮಾಡ್ರಿ" ಅಂತ ಪುಕ್ಕಟ ಕೊಟ್ಟ.

ಅಂಟಸೋದಕ್ಕ ಸಿಲಿಕೋನ್. ಇದನ್ನ ತರೂ ಮುಂದ ಚೀಟಿ ಓದ್ರಿ. ಬಚ್ಚಲಮನಿಗೆ ಅಂತ ಮಾರೋ ಸಿಲಿಕೋನ್‌ದಾಗ ಬೂಸ್ಟು ಹಿಡೀಬಾರದಂತ ಔಷಧ ಕೂಡಿಸಿರ್ತಾರ, ಅದು ಮೀನಿಗೆ ವಿಷ. ಔಷಧ ಇಲ್ಲದ್ದು, ಅಕ್ವೇರಿಯಂಗೆ ನಡೀತದ ಅಂತ ಬರದದ್ದೇ ಬೇಕು. ಹಚ್ಚೂ ಮುಂದ ವಿನೆಗರ್ ವಾಸನಿ ಬರ್ತದ, ಕಿಡಕಿ ತಗದ ಇಡ್ರಿ. ಗಾಜಿಗೆ ಎಣ್ಣಿ ಕೈ ಮುಟ್ಟಿದ್ರ ಹಿಡಿಯಂಗಿಲ್ಲ, ಸ್ಪಿರಿಟ್‌ಲೆ ಒರಸಬೇಕು. ಎರಡೂ ಕಡೆ ಕಾಗದದ ಟೇಪ್ ಹಚ್ಚಿ ನಡುವ ಸಿಲಿಕೋನ್ ಎಳದು, ಬಟ್ಟಿನಿಂದ ಒಮ್ಮೆ ಸವರಿ, ಹಸೀ ಇರೂ ಮುಂದನ ಟೇಪ್ ಕಿತ್ರ ಅಂಚು ಚಂದ ಬರ್ತದ. ಹೋಳಿಗಿ ಅಂಚು ಮುಚ್ಚೂ ಕೈಗೆ ಇದೇನು ಭಾಳ ದೊಡ್ಡದಲ್ಲ. ನಾನು ಒಂದ ವಾರ ಒಣಗಲಿಕ್ಕೆ ಬಿಟ್ಟೆ. ಆಮ್ಯಾಲೆ ಹಿತ್ತಲದಾಗ ನೀರು ತುಂಬಿ, ಕೆಳಗ ಹಳೇ ಪೇಪರ್ ಹಾಸಿ, ಮೂರ ದಿನ ಇಟ್ಟೆ. ಪೇಪರ್ ಒಣಗಿದ್ದು ಒಣಗಿದಂಗ ಇತ್ತು.

ಒಳಗ ಮೂರು ಅಡ್ಡಗ್ವಾಡಿ. ಮೊದಲನೇದು ತಳದಿಂದ 3 ಸೆಂಟಿಮೀಟರ್ ಎತ್ತಿ ಹಚ್ಚಿದ್ದು, ನೀರು ಕೆಳಗಿಂದ ತೂರಿ ಹೋಗ್ಬೇಕು. ಎರಡನೇದು ತಳಕ್ಕ ಕೂಡಿದ್ದು, 25 ಸೆಂಟಿಮೀಟರ್ ಎತ್ತರ, ನೀರು ಅದರ ಮ್ಯಾಲಿಂದ ಹಾಯಬೇಕು. ಅದರ ಬಾಜೂಕ್ಕ 3 ಸೆಂಟಿಮೀಟರ್ ಬಿಟ್ಟು ಮೂರನೇದು, ಅದೂ ತಳದಿಂದ ಎತ್ತಿದ್ದು. ಹಿಂಗ ಕೆಳಗ ಮ್ಯಾಲ ಮಾಡಿದ್ರ ಗುಳ್ಳಿ ಎಲ್ಲಾ ನಡುವ ಒಡದು ಹೋಗ್ತಾವ, ಪಂಪಿಗೆ ಹೋಗಂಗಿಲ್ಲ.

ಮೊದಲನೇ ಖೋಲ್ಯಾಗ ನೀರು ಬೀಳೋ ಕಡೆ ಒಂದು ಪ್ಲಾಸ್ಟಿಕ್ ಬುಟ್ಟಿ, ಅದರಾಗ ಫಿಲ್ಟರಿನ ಬಿಳೀ ಹತ್ತಿ. ಕಣ್ಣಿಗೆ ಕಾಣೋ ಹೊಲಸು ಅಲ್ಲೇ ನಿಲ್ತದ. ನಡುವಿನ ಖೋಲಿ ಬ್ಯಾಕ್ಟೀರಿಯಾದ್ದು. ಎರಡು ಕಿಲೋ ಪಿಂಗಾಣಿ ಉಂಗುರ ಕೊಂಡು ತಂದೆ. ಉಳದ ಜಾಗಾಕ್ಕ ಅಟ್ಟದ ಮ್ಯಾಲಿನ ಹಳೇ ಮಂಗಳೂರು ಹಂಚು ಒಡದು, ಚೂರು ತೊಳದು, ಕುದಿಸಿ ಹಾಕಿದೆ. ಸುಟ್ಟ ಮಣ್ಣಿನ್ಯಾಗ ಸಣ್ಣ ಸಣ್ಣ ತೂತು ಭಾಳ ಇರ್ತಾವ. ಮ್ಯಾಲ ಭಾಂಡಿ ತಿಕ್ಕೋ ಪ್ಲಾಸ್ಟಿಕ್ ಜಾಳಿಗಿ ಒಂದ ಡಜನ್, ಸೋಪು ಮುಟ್ಟದೇ ಇರೋ ಹೊಸಾವು. ಸ್ಟೀಲಿನವು ನಡಿಯಂಗಿಲ್ಲ. ಕಡೀ ಖೋಲ್ಯಾಗ ಪಂಪು.

ಪಂಪಿನ ಡಬ್ಬಿ ಮ್ಯಾಲ ಬರದ ಲೀಟರ್ ಎಲ್ಲಾ ಮ್ಯಾಲೆ ಬರಂಗಿಲ್ಲ. ಎತ್ತರಕ್ಕ ಹೋದಷ್ಟೂ ನೀರು ಕಡಿಮಿ. ತಾಸಿಗೆ ಟಾಕಿ ನೀರು ಐದು ಸಲ ತಿರಗಬೇಕು ಅಂತ ನಾನು ಹಿಡಕೊಂಡೆ, ಅಂದ್ರ ಸುಮಾರು 1,200 ಲೀಟರ್. ಅದಕ್ಕ 2,500 ಲೀಟರಿನ 40 ವ್ಯಾಟ್ ಪಂಪು ತಂದೆ. 24 ತಾಸು ಓಡಿದ್ರ ದಿನಕ್ಕ ಒಂದ ಯೂನಿಟ್‌ಗಿಂತ ಸ್ವಲ್ಪ ಕಡಿಮಿ, ತಿಂಗಳಿಗೆ 29.

ಎಲ್ಲಾಕ್ಕಿಂತ ಸೂಕ್ಷ್ಮ ಕೆಲಸ ಅಂದ್ರ ಮ್ಯಾಲಿನ ನೀರು ಕೆಳಗ ತರೂದು. ಟಾಕಿ ಗಾಜಿಗೆ ತೂತು ಹಾಕೂದು ಸರಳ ದಾರಿ, ಆದ್ರ ಪೂರಾ ಖಾಲಿ ಮಾಡಬೇಕು, ಗಾಜ ಸೀಳಿದ್ರ ಟಾಕಿನ ಹೋತು. ಅದಕ್ಕ ಪಿ.ವಿ.ಸಿ. ಪೈಪಿಲೆ ಸೈಫನ್ ಮಾಡಿದೆ. ಚಿಮಣಿ ಎಣ್ಣಿ ಡಬ್ಬಿಯೊಳಗ ನಳಗಿ ಹಾಕಿ, ಒಮ್ಮೆ ಎಳದು ಬಿಟ್ರ ತಾನ ಹರೀತಿತ್ತಲ್ಲ, ಅದೇ ಯುಕ್ತಿ. ಒಂದಿಂಚಿನ ಪೈಪು ಟಾಕಿಯೊಳಗಿಂದ ಎದ್ದು, ದಂಡಿ ದಾಟಿ, ಹೊರಗ ಇಳದು, ಮತ್ತ ಒಮ್ಮೆ ಮ್ಯಾಲೆ ಬಾಗಿ, ಟೀ ಒಳಗಿಂದ ಕೆಳಗ ಹೋಗ್ತದ. ಒಳಗೂ ಹೊರಗೂ ಕೈ ತೊಳಿಯೋ ಬೇಸಿನ್ ಕೆಳಗಿನ ಪೈಪಿನಂಗ ಬಾಗು ಇರೂದರಿಂದ, ಕರೆಂಟ್ ಹೋಗಿ ಪಂಪು ನಿಂತ್ರೂ ಬಾಗಿನ್ಯಾಗ ನೀರು ಉಳೀತದ. ಕರೆಂಟ್ ಬಂದ ಕೂಡಲೇ ಮತ್ತ ತಾನ ಹರೀತದ. ಟೀ ಮ್ಯಾಲಿನ ಬಾಯಿ ತೆರದೇ ಇರಬೇಕು, ಗಾಳಿಗೆ.

ಇದೆಲ್ಲಾ ಜೋಡಿಸಿ ಇಟ್ಟ ದಿನ ನಮ್ಮನಿಯವರು ಕುರ್ಚಿ ಮ್ಯಾಲ ಕಾಲ ಮ್ಯಾಲ ಇಟ್ಟಕೊಂಡು ಕೂತು, "ರಾತ್ರಿ ಎಲ್ಲಾರೂ ಮಲಗಿದಾಗ 200 ಲೀಟರ್ ಪಡಸಾಲ್ಯಾಗ ಬಂದ್ರ?" ಅಂದ್ರು. ಖರೇ ಪ್ರಶ್ನೆ. ಅದಕ್ಕ ಉತ್ತರ ಬಾಯಿಲೆ ಹೇಳದೇ ಎರಡು ಪರೀಕ್ಷಾ ಮಾಡಿ ತೋರಸಿದೆ. ಯಾರರ ಮಾಡೂದಿದ್ರ ಈ ಎರಡೂ ಬಿಡಬ್ಯಾಡ್ರಿ.

ಒಂದನೇದು ಕರೆಂಟ್ ಹೋಗೂ ಪರೀಕ್ಷಾ. ಪಂಪು ಓಡೂ ಮುಂದ ಮ್ಯಾಲಿನ ನೀರು ಪೈಪಿನ ಬಾಯಿಗಿಂತ 2 ಸೆಂಟಿಮೀಟರ್ ಮ್ಯಾಲೆ ಇರ್ತದ. ಪಂಪು ನಿಂತ್ರ ಅಷ್ಟೂ ಕೆಳಗ ಬರ್ತದ: ಸುಮಾರು 11 ಲೀಟರ್, ಪೈಪಿನ್ಯಾಗಿಂದ ಒಂದು, ಒಟ್ಟು 12. ಸಂಪಿನ್ಯಾಗ ಅಷ್ಟ ಜಾಗಾ ಖಾಲಿ ಇಟ್ಟಿರಬೇಕು. ನೀರು ಮ್ಯಾಲೆ ಒಯ್ಯೋ ಪೈಪಿಗೂ ನೀರಿನ ಮಟ್ಟದ ಸ್ವಲ್ಪ ಕೆಳಗ ಒಂದು ಸಣ್ಣ ತೂತು ಬೇಕು, ಇಲ್ಲಂದ್ರ ಅದೂ ಉಲ್ಟಾ ಸೈಫನ್ ಆಗಿ ಟಾಕಿ ನೀರು ಎಳದ ಬಿಡ್ತದ. ಬಟನ್ ಬಂದ್ ಮಾಡಿದೆ. ನೀರು ಇಳೀತು, ಸಂಪಿನ್ಯಾಗ ಏರಿತು, ಮ್ಯಾಲ 10 ಸೆಂಟಿಮೀಟರ್ ಇನ್ನೂ ಖಾಲಿ ಇದ್ದಂಗ ನಿಂತಿತು. ಹತ್ತು ಸಲ ಬಂದ್ ಮಾಡಿ ಚಾಲೂ ಮಾಡಿದೆ, ಹತ್ತೂ ಸಲ ಸೈಫನ್ ತಾನ ಸುರು ಆತು.

ಎರಡನೇದು ಪೈಪು ಕಟ್ಟೂ ಪರೀಕ್ಷಾ. ಎಲಿ ಅಡ್ಡ ಬಂದೋ, ಗಾಳಿ ಕೂಡಿಯೋ ಇಳಿಯೋ ಪೈಪು ನಿಂತ ಬಿಟ್ರ, ಪಂಪು ಮಾತ್ರ ಮ್ಯಾಲೆ ಕಳಸತನ ಇರ್ತದ. ಆಗ ಪಂಪಿನ ಖೋಲ್ಯಾಗ ಎಷ್ಟ ನೀರ ಅದನೋ ಅಷ್ಟ ಮಾತ್ರ ಮ್ಯಾಲೆ ಹೋಗ್ಬೇಕು, ಅಷ್ಟಕ್ಕ ಮ್ಯಾಲೆ ಜಾಗಾ ಇರಬೇಕು. ನಮ್ಮದರಾಗ ಅದು ಸುಮಾರು 8 ಲೀಟರ್, ಮ್ಯಾಲಿನ ಟಾಕ್ಯಾಗ ಒಂದೂವರಿ ಸೆಂಟಿಮೀಟರ್. ದಂಡಿಗೆ 4 ಸೆಂಟಿಮೀಟರ್ ಬಿಟ್ಟಿದ್ದೆ. ಪೈಪಿನ ಬಾಯಿಗೆ ಅಂಗೈ ಹಿಡದು ನಿಂತೆ. ಎದರಗಿನ ಮನಿ ಕಾಕು ಒರಸೋ ಅರಬಿ ಹಿಡಕೊಂಡು ತಯಾರಾಗೇ ಇದ್ರು. ನೀರು ಏರಿತು, ಏರಿತು, ಕೆಳಗ ಪಂಪು ಗರ್ರ್ ಅಂತು, ನಿಂತಿತು. ನೆಲದ ಮ್ಯಾಲ ಹನಿ ಇಲ್ಲ. ನಮ್ಮನಿಯವರು ಕಾಲು ಇಳಿಸಿ ಎದ್ದು ಬಂದು, ಬ್ಯಾಟರಿ ಹಿಡದು ಒಂದೊಂದ ಜೋಡಣಿ ತಾವೇ ನೋಡಿದ್ರು. ಒಂದು ಎಲ್ಬೋ ಸಣ್ಣಾಗಿ ಜಿನಗತಿತ್ತು. ಅದನ್ನ ತಗದು ಹೊಸಾದು ಸೋಲ್ಯೂಷನ್ ಹಚ್ಚಿ ಕೂಡಿಸಿದವರೂ ಅವರೇ.

ಇಷ್ಟಾದ ಕೂಡಲೇ ಮೀನ ಬಚಾವು ಅಂತ ಅಲ್ಲ. ಹೆಪ್ಪು ಹಾಕಿದ ಹಾಲು ಆಗಿಂದಾಗ ಮೊಸರ ಆಗಂಗಿಲ್ಲಲ್ಲ. ಬ್ಯಾಕ್ಟೀರಿಯಾ ನೆಲಿ ನಿಲ್ಲಲಿಕ್ಕೆ ನಾಕರಿಂದ ಆರು ವಾರ ಬೇಕಾಗ್ತದ. ಅದಕ್ಕ ಹಳೇ ಸ್ಪಂಜಿನ ಫಿಲ್ಟರ್ ಆರು ವಾರ ಜೊತಿಗೇ ಓಡಸಿದೆ, ಅದರೊಳಗಿನ ಒಂದು ತುಂಡು ಕತ್ತರಿಸಿ ಸಂಪಿನ ನಡುವಿನ ಖೋಲ್ಯಾಗ ಇಟ್ಟೆ, ಅದೇ ಹೆಪ್ಪು. ಹನಿ ಹಾಕಿ ಬಣ್ಣ ನೋಡೂ ಟೆಸ್ಟ್ ಕಿಟ್ ತಂದು ದಿನಾ ಮುಂಜಾನೆ ನೋಡತಿದ್ದೆ. ಮೊದಲ ಅಮೋನಿಯಾದ ಹಸರು ಬಣ್ಣ ತೆಳುವಾತು, ಆಮ್ಯಾಲೆ ನೈಟ್ರೈಟ್ ಏರಿತು. ಆ ದಿನಗಳೊಳಗ ನೀರು ಬದಲಸ್ಕೋತ, ಕಾಳು ಅರ್ಧಾ ಮಾಡಿ ಕಾದ್ವಿ. ಅತ್ತಿಯವರು ಬಣ್ಣದ ಚೀಟಿ ಹಿಡದು, "ಇವತ್ತ ನಿನ್ನಿಕಿಂತ ತೆಳುವಾಗೇದ, ನೋಡು" ಅಂತ ನನಗಿಂತ ಮೊದಲ ಹೇಳತಿದ್ರು. ಐದನೇ ವಾರದಾಗ ಎರಡೂ ಸೊನ್ನಿಗೆ ಬಂದ್ವು. ನಾಕೂ ಮೀನ ಉಳದ್ವು.

ಖರ್ಚಿನ ಲೆಕ್ಕ: ಗಾಜು 1,350, ಸಿಲಿಕೋನ್ ಎರಡು ಟ್ಯೂಬು 450, ಪಂಪು 1,900, ಪಿ.ವಿ.ಸಿ. ಸಾಮಾನು 650, ಪಿಂಗಾಣಿ ಉಂಗುರ 600, ಹತ್ತಿ 150, ಟೆಸ್ಟ್ ಕಿಟ್ 900. ಎಲ್ಲಾ ಕೂಡಿ 6,000 ರೂಪಾಯಿ. ಹಂಚು ಮನೀದು.

ಸಂಪು ಇದ್ರ ನೀರು ಬದಲಸೂದೇ ಬ್ಯಾಡ ಅಂತ ಯಾರರ ಅಂದ್ರ ನಂಬಬ್ಯಾಡ್ರಿ. ನೈಟ್ರೇಟ್ ಕೂಡತನ ಇರ್ತದ, ಅದನ್ನ ತಗೀಬೇಕು. ಆದ್ರ ಮೊದಲ ವಾರಕ್ಕ 200 ಲೀಟರ್ ಹೊರತಿದ್ದೆ, ಈಗ 60. ಅದನ್ನೂ ಬಕೀಟಿನಿಂದ ಅಲ್ಲ, ಪಂಪಿನ ಪೈಪಿಗೆ ಒಂದು ವಾಲ್ವ್ ಹಾಕಿಸಿ ಉದ್ದನ ನಳಗೀಲೆ ಸೀದಾ ಹಿತ್ತಲಕ್ಕ. ಕರಿಬೇವು, ದಾಸವಾಳ, ಮಲ್ಲಿಗಿ ಮೂರೂ ಆ ನೀರು ಕುಡದು ಹೊಸ ಚಿಗುರು ಬಿಟ್ಟಾವ. ಹೊಸಾ ನೀರು ಒಂದ ದಿನ ಡ್ರಮ್ಮಿನ್ಯಾಗ ಬಾಯಿ ತಗದ ಇಟ್ಟು, ಕ್ಲೋರಿನ್ ಹೋದ ಮ್ಯಾಲೇ ಹಾಕೂದು. ಹತ್ತಿ ತೊಳಿಯೂದು ಟಾಕಿಯಿಂದ ತಗದ ನೀರಾಗ, ನಳದ ನೀರಾಗ ಅಲ್ಲ, ಇಲ್ಲಂದ್ರ ಸಾಕಿದ ಬ್ಯಾಕ್ಟೀರಿಯಾ ನಮ್ಮ ಕೈಲೇ ಸಾಯ್ತಾವ. ಹಂಚಿನ ಚೂರಂತೂ ಮುಟ್ಟೂದೇ ಇಲ್ಲ. ಕರೆಂಟ್ ಭಾಳ ಹೊತ್ತು ಹೋದ್ರ ಅವಕ್ಕ ಗಾಳಿ ಸಿಗಂಗಿಲ್ಲಂತ ಪಂಪನ್ನ ಇನ್ವರ್ಟರಿಗೆ ಕೂಡಿಸೇವಿ.

ಮೊದಲ ವಾರ ಇಳಿಯೋ ಪೈಪು ಗಟಗಟ ಅಂತ ಸಪ್ಪಳ ಮಾಡತಿತ್ತು, ಪೈಪಿನ ತುದಿ ಸಂಪಿನ ನೀರಾಗ ಎರಡ ಬಟ್ಟು ಮುಳಗೂ ಹಂಗ ಮಾಡಿದ ಮ್ಯಾಲೆ ಈಗಿನ ಝುಳುಝುಳು ಅಷ್ಟೇ ಉಳದದ. ಟಾಕಿಯಿಂದ ಆವಿ ಆಗಿ ಹೋದ ನೀರು ಪಂಪಿನ ಖೋಲ್ಯಾಗ ಮಾತ್ರ ಇಳದು ಕಾಣ್ತದ. ಅಲ್ಲಿ ಗಾಜಿಗೆ ಒಂದು ಗೆರಿ ಹಾಕೇನಿ. ಆ ಗೆರಿ ನೋಡೂ ಕೆಲಸ ಅತ್ತಿಯವರದ್ದು. ಮುಂಜಾನೆ ಕಪಾಟಿನ ಬಾಗಲಾ ತಗದು, ಬಗ್ಗಿ ನೋಡಿ, "ಒಂದ ತಂಬಗಿ ಬೇಕಾತು" ಅಂತ ತಾವೇ ಹೋಗಿ ತಂದು ಹಾಕ್ತಾರ. ಆ ಹೊತ್ತಿಗೆ ಯಾರರ ಮನೀಗೆ ಬಂದ್ರ ಅವರಿಗೂ ತೋರಸ್ತಾರ, ಬ್ಯಾಕ್ಟೀರಿಯಾ ಕಥಿ ಸಹಿತ. ಹೆಸರು ಮಾತ್ರ ನೈಟ್ರೊ ಅಂತ ಸುರು ಮಾಡಿ ಮುಂದ "ಅದೇನೋ" ಅಂದು ಮುಗಸ್ತಾರ.

ಮೊನ್ನೆ ಮೈದುನ ಪುಣೆಯಿಂದ ಬಂದಾಗ, ಇನ್ನೆರಡ ಮೀನ ತಂದ ಹಾಕಲೇನು ಅಂತ ಕೇಳಿದ. ನಾನು ಬಾಯಿ ತಗಿಯೂ ಮೊದಲ ಅತ್ತಿಯವರು, "ಬ್ಯಾಡಪಾ, ಈ ನೀರಿಗೆ ನಾಕ ಸಾಕು, ನೈಟ್ರೊ ಅದೇನೋ ತಾಳಂಗಿಲ್ಲ" ಅಂದ್ರು. ನಿಮ್ಮೊಳಗ ಯಾರಿಗರ ಮಾಡೂದಿದ್ರ ಮೊದಲ ಕಪಾಟಿನ ಬಾಗಲಾ ಅಳೀರಿ, ಗಾಜು ಆಮ್ಯಾಲೆ ಕೊಯ್ಸ್ರಿ. ಐತವಾರ ಮುಂಜಾನೆ ಹತ್ತಿ ತೊಳೀತಿರ್ತೀನಿ, ಆಗ ಬಂದ್ರ ಒಳಗಿಂದ ಎಲ್ಲಾ ಬಿಚ್ಚಿ ತೋರಸ್ಲಿಕ್ಕೆ ಬರ್ತದ. ಪ್ರಾಕ್ಟೀಸಿಗೆ ಆ ತುಂಡು ಗಾಜು ಇನ್ನೂ ಇಟ್ಟೇನಿ.